ಕ್ರೀಮಾ ಜೆಲ್ಲಾ, ಗಾಳೀಲಾ ಡ್ರೈಯರಾ: ಮೂರು ಥರದ ಕೂದಲಿನ ಮೇಲೆ ಮಾಡಿ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, "ಇದೊಂದು ತಗೊಳ್ಳಿ ಸಾಕು" ಅನ್ನೋ ಬಾಟಲಿ ಹೆಸರು ಇದ್ರಲ್ಲಿ ಸಿಗಲ್ಲ. ನಮ್ಮನೇಲಿ ಮೂರು ಜನ, ಮೂರೂ ತಲೆ ಬೇರೆ ಬೇರೆ ಥರ, ಬಾತ್‌ರೂಮ್ ಶೆಲ್ಫ್ ಮಾತ್ರ ಒಂದೇ, ಹಾಗಾಗಿ ಯಾರು ಏನೇ ತಂದ್ರೂ ಮೂರು ತಲೆ ಮೇಲೂ ಒಂದು ಸಲ ಪ್ರಯೋಗ ಆಗೇ ಆಗತ್ತೆ. ನಂದು ಅಲೆಗೂ ಗುಂಗುರಿಗೂ ಮಧ್ಯದ್ದು, ಎಳೆ ದಪ್ಪ, ಸ್ವಲ್ಪ ಒರಟು. ಅಕ್ಕಂದು ನೆಟ್ಟಗೆ, ಎಳೆ ತುಂಬಾ ಸಣ್ಣ, ಬೆಳಿಗ್ಗೆ ತೊಳೆದ್ರೆ ಸಂಜೆಗೆ ಬೈತಲೆ ಹತ್ರ ಜಿಡ್ಡು. ನಮ್ಮ ಜೊತೆ ಇರೋ ಗೆಳತಿದು ಬಿಗಿ ಸುರುಳಿ, ಒಂದೊಂದು ಸುತ್ತು ಪೆನ್ಸಿಲ್‌ಗಿಂತ ಸಣ್ಣ, ಆದ್ರೆ ಎಳೆ ಮಾತ್ರ ಅಕ್ಕನ ಕೂದಲಿನಷ್ಟೇ ನಾಜೂಕು. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಎಲ್ರೂ ಕೇಳೋದು ನಿಂದು 2ಸಿನಾ 3ಎನಾ ಅಂತ. ಈ ನಂಬರ್ ಲೆಕ್ಕ ಶುರು ಮಾಡಿದ್ದು ಆಂಡ್ರೆ ವಾಕರ್, ಓಪ್ರಾ ವಿನ್‌ಫ್ರೀ ಅವರ ಹೇರ್‌ಸ್ಟೈಲಿಸ್ಟ್, 1990ರ ದಶಕದಲ್ಲಿ. 1 ನೆಟ್ಟಗಿನದು, 2 ಅಲೆ ಅಲೆ, 3 ಗುಂಗುರು, 4 ಬಿಗಿ ಸುರುಳಿ, ಪಕ್ಕದ ಎ, ಬಿ, ಸಿ ಅಂದ್ರೆ ಅದರೊಳಗೇ ಎಷ್ಟು ಬಿಗಿ ಅಂತ. 2007ರಲ್ಲಿ ಬಂದ ಒಂದು ಸ್ಟಡಿ ಸುರುಳಿಯ ಅಗಲ, ಅಲೆ ಎಷ್ಟು, ತಿರುವು ಎಷ್ಟು ಅಂತ ಅಳೆದು 8 ವಿಧ ಮಾಡ್ತು, ಜನಾಂಗದ ಹೆಸರು ಹಿಡಿದು ಕೂದಲು ವಿಂಗಡಿಸೋದಕ್ಕಿಂತ ಅದು ಎಷ್ಟೋ ವಾಸಿ. ಆದ್ರೆ ಇವೆಲ್ಲ ಹೇಳೋದು ಆಕಾರ ಮಾತ್ರ. ಆಕಾರ ತೀರ್ಮಾನ ಆಗೋದು ಚರ್ಮದ ಒಳಗೆ, ಬುಡ ಬಾಗಿದ್ರೆ ಎಳೇನೂ ಬಾಗಿಕೊಂಡೇ ಹೊರಗೆ ಬರತ್ತೆ, ಅದಕ್ಕೆ ಯಾವ ಕ್ರೀಮೂ ಏನೂ ಮಾಡಕ್ಕಾಗಲ್ಲ. ಏನು ತಗೋಬೇಕು ಅಂತ ನಿಜವಾಗ್ಲೂ ಹೇಳೋದು ಇನ್ನೆರಡು ವಿಷಯ: ಎಳೆ ಎಷ್ಟು ದಪ್ಪ, ಮತ್ತೆ ನೀರು ಎಷ್ಟು ಬೇಗ ಒಳಗೆ ಹೋಗತ್ತೆ, ಎಷ್ಟು ಬೇಗ ಆಚೆ ಬರತ್ತೆ.

ದಪ್ಪ ನೋಡೋದು ಸುಲಭ. ಉದುರಿದ ಒಂದು ಎಳೆ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯ ಹೊರಳಿಸಿ. ನಂದು ಸ್ಪಷ್ಟವಾಗಿ ಗೊತ್ತಾಗತ್ತೆ, ಅಕ್ಕಂದು ಇದೆಯೋ ಇಲ್ವೋ ಅನ್ಸತ್ತೆ. ನೀರಿನ ವಿಷಯಕ್ಕೆ ಒಂದು ಲೋಟ ನೀರಲ್ಲಿ ಕೂದಲು ಹಾಕಿ ತೇಲತ್ತಾ ಮುಳುಗತ್ತಾ ನೋಡಿ ಅಂತಾರಲ್ಲ, ಅದನ್ನ ನಂಬಬೇಡಿ, ಎಳೆ ಮೇಲೆ ಸ್ವಲ್ಪ ಜಿಡ್ಡಿದ್ರೆ ಯಾವ ಕೂದಲಾದ್ರೂ ತೇಲತ್ತೆ. ಅದರ ಬದಲು ಶವರ್ ಕೆಳಗೆ ಗಮನಿಸಿ. ಗೆಳತಿ ಕೂದಲ ಮೇಲೆ ನೀರು ಮೊದಲಿಗೆ ಹನಿ ಹನಿಯಾಗಿ ಕೂತು ಜಾರತ್ತೆ, ಪೂರ್ತಿ ನೆನೆಯಕ್ಕೆ ಹೊತ್ತು ಹಿಡಿಯತ್ತೆ, ಒಣಗಕ್ಕೆ ಇನ್ನೂ ಹೊತ್ತು. ನಂದು ತುದಿ ಕಡೆ ಹಳೇ ಕಲರ್ ಇದೆ, ಅಲ್ಲಿ ನೀರು ತಕ್ಷಣ ಹೀರ್ಕೊಂಡು ಅಷ್ಟೇ ಬೇಗ ಒಣಗಿ ಹಾರಾಡತ್ತೆ, ಬುಡದ ಹತ್ರ ಹಾಗಾಗಲ್ಲ. ಅಂದ್ರೆ ಒಂದೇ ತಲೇಲಿ ಎರಡು ಥರ.

ಶಾಂಪೂ ವಿಷಯಕ್ಕೆ ಬರೋಣ. ಸ್ಪರ್ಧೇಲಿ ಮೂರಿದ್ವು: ಮಾಮೂಲಿ ನೊರೆ ಶಾಂಪೂ (ಲೇಬಲ್ ಮೇಲೆ ಸೋಡಿಯಂ ಲಾರೆತ್ ಸಲ್ಫೇಟ್ ಇರೋದು), ಸಲ್ಫೇಟ್ ಇಲ್ಲದ ಮೈಲ್ಡ್ ಶಾಂಪೂ (ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್ ಥರದ್ದು), ಮತ್ತೆ ಶಾಂಪೂನೇ ಬೇಡ ಬರೀ ಕಂಡೀಷನರ್‌ನಲ್ಲಿ ತೊಳೆಯೋದು. ಅಕ್ಕನಿಗೆ ಗೆದ್ದಿದ್ದು ಮಾಮೂಲಿ ಶಾಂಪೂ, ಅದರಲ್ಲಿ ಅನುಮಾನಾನೇ ಇಲ್ಲ, ನೆಟ್ಟಗಿನ ಕೂದಲಲ್ಲಿ ನೆತ್ತಿ ಎಣ್ಣೆ ಸಲೀಸಾಗಿ ಕೆಳಗೆ ಇಳಿಯತ್ತೆ, ಅದನ್ನ ತೆಗೆಯಕ್ಕೆ ಗಟ್ಟಿ ಶಾಂಪೂನೇ ಬೇಕು, ಬರೀ ಕಂಡೀಷನರ್ ಹಾಕಿದ ದಿನ ಅವಳ ತಲೆ ನೋಡಿದ್ರೆ ತೊಳೆದೇ ಇಲ್ವೇನೋ ಅನ್ನೋ ಹಾಗಿತ್ತು. ನಂಗೆ ಮೈಲ್ಡ್. ಗೆಳತಿಗೆ ಬರೀ ಕಂಡೀಷನರ್ ಸೂಟ್ ಆಗಬೇಕಿತ್ತು, ಗುಂಗುರು ಕೂದಲಿಗೆ ಅದೇ ಸರಿ ಅಂತ ಎಲ್ಲ ಕಡೆ ಓದಿದ್ವಿ, ಎಳೆಗಳೇನೋ ಮೆತ್ತಗಾದ್ವು, ಆದ್ರೆ ನೆತ್ತಿ ತುರಿಕೆ ಶುರುವಾಗಿ ಪದರ ಪದರ ಏಳಕ್ಕೆ ಹತ್ತಿತು. ಈಗ ಅವಳು ನೆತ್ತಿಗೆ ಮಾತ್ರ ಮೈಲ್ಡ್ ಶಾಂಪೂ, ಕೆಳಗಿನ ಉದ್ದಕ್ಕೆಲ್ಲ ಕಂಡೀಷನರ್. ನೆತ್ತಿ ಅಂದ್ರೆ ಚರ್ಮ, ಅದಕ್ಕೆ ಗುಂಗುರು ನೆಟ್ಟಗೆ ಅನ್ನೋ ಭೇದ ಇಲ್ಲ, ಕೊಳೆ ಹೋಗ್ಲೇಬೇಕು.

ಮೈ ಸೋಪು, ಅಡುಗೆ ಸೋಡ ಎರಡನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಎಳೆಯ ಪಿಎಚ್ (ಹುಳಿಯಾ ಕ್ಷಾರವಾ ಅನ್ನೋ ಅಳತೆ, ನಂಬರ್ ಕಮ್ಮಿ ಇದ್ದಷ್ಟೂ ಹುಳಿ) ಸುಮಾರು 3.67, ನೆತ್ತಿಯದು 5.5, ಸೋಪಿನದು 9ರಿಂದ 10. 2014ರಲ್ಲಿ 123 ಶಾಂಪೂ ಪರೀಕ್ಷೆ ಮಾಡಿದ ಒಂದು ಅಧ್ಯಯನದಲ್ಲಿ ಹೇಳಿದ್ದೂ ಇದನ್ನೇ, ಪಿಎಚ್ ಮೇಲೆ ಹೋದಷ್ಟೂ ಎಳೆಗಳ ನಡುವೆ ಉಜ್ಜಾಟ ಜಾಸ್ತಿ, ಹೊರಪದರ ಏಳತ್ತೆ, ಸಿಕ್ಕು ಜಾಸ್ತಿ.

ಎಣ್ಣೆ. ಇದರ ಬಗ್ಗೆ ಮಾತಾಡಿದ್ರೆ ಜಗಳ ಗ್ಯಾರಂಟಿ, ಆದ್ರೂ ಹೇಳ್ತೀನಿ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು, ರೇಲೆ ಮತ್ತೆ ಮೊಹಿಲೆ ಅನ್ನೋರು ಮಾಡಿದ್ದು. ಕೂದಲಿನಿಂದ ಪ್ರೋಟೀನ್ ಕಳೆದುಹೋಗೋದನ್ನ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ, ಯಾಕಂದ್ರೆ ಅದರಲ್ಲಿರೋ ಲಾರಿಕ್ ಆಸಿಡ್ ಚಿಕ್ಕ, ನೇರ ಅಣು, ಎಳೆ ಒಳಗೆ ಇಳಿಯತ್ತೆ, ಮಿಕ್ಕೆರಡು ಹೊರಗೇ ಉಳೀತವೆ. ನಾವು ತಲೆಸ್ನಾನಕ್ಕೆ ಮುಂಚೆ ನೆತ್ತಿ ಬಿಟ್ಟು ಕೂದಲಿನ ಉದ್ದಕ್ಕೆ ಮಾತ್ರ ಹಚ್ಚಿ ನೋಡಿದ್ವಿ. ನಂಗೆ ತೊಳೆಯುವಾಗ ಸಿಕ್ಕು ಕಣ್ಣಿಗೆ ಕಾಣೋಷ್ಟು ಕಮ್ಮಿ ಆಯ್ತು, ಕಲರ್ ಇರೋ ತುದಿಗಂತೂ ಬಹಳ ವ್ಯತ್ಯಾಸ. ಅಕ್ಕನಿಗೆ ನಾಲ್ಕು ಹನಿ ತುದಿಗೆ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಎರಡು ಸಲ ಶಾಂಪೂ ಹಾಕಿ ಎಣ್ಣೆ ತೆಗೆಯೋದೇ ಒಂದು ಕೆಲಸ, ಲಾಭಕ್ಕಿಂತ ಖರ್ಚು ಜಾಸ್ತಿ. ಗೆಳತಿಗೆ ಕೊಬ್ಬರಿ ಎಣ್ಣೆ ಹಚ್ಚಿದಾಗ ಕೂದಲು ಬಿರುಸಾಗತ್ತಂತೆ, ಅವಳು ತೊಳೆದ ಮೇಲೆ ಒದ್ದೆ ಕೂದಲಿಗೆ ಜೊಜೊಬಾ ಎಣ್ಣೆ ಸವರ್ತಾಳೆ, ಅದು ಒಳಗೆ ಹೋಗಲ್ಲ, ನೀರು ಬೇಗ ಆರದ ಹಾಗೆ ಮೇಲೆ ತಡೀತದೆ ಅಷ್ಟೇ. ಎಣ್ಣೆ ನೀರಿನ ಬದಲಿ ಅಲ್ಲ, ಒಣ ಕೂದಲಿಗೆ ಎಣ್ಣೆ ಸುರಿದ್ರೆ ಹೊಳೆಯತ್ತೆ, ನೆನೆಯಲ್ಲ. ಇನ್ನು ತಲೆಹೊಟ್ಟು ಇರೋರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡೋದು ಬೇಡ, ಹೊಟ್ಟಿಗೆ ಕಾರಣ ಆಗೋ ಮಲಸೀಜಿಯಾ ಅನ್ನೋ ಫಂಗಸ್ ಬದುಕೋದೇ ಕೊಬ್ಬಿನ ಮೇಲೆ. ಅಕ್ಕನ ಹೊಟ್ಟು ಕಮ್ಮಿ ಆಗಿದ್ದು ಫಂಗಸ್ ತಡೆಯೋ ಕೀಟೋಕೊನಜೋಲ್ ಶಾಂಪೂನಿಂದ, ಎಣ್ಣೆಯಿಂದ ಅಲ್ಲ.

ಬಾಚೋದ್ರಲ್ಲಿ ಜಾಸ್ತಿ ಹೇಳೋದಿಲ್ಲ. ನೆಟ್ಟಗಿನ ಕೂದಲು ಒದ್ದೆ ಇರುವಾಗ ಎಳೆದ್ರೆ ಹಿಗ್ಗಿ ಕಿತ್ತು ಬರತ್ತೆ, ಅಕ್ಕ ಸ್ವಲ್ಪ ಒಣಗಿದ ಮೇಲೆ ಬಾಚ್ತಾಳೆ. ನಾನು, ಗೆಳತಿ ಇಬ್ಬರೂ ಉಲ್ಟಾ, ಕಂಡೀಷನರ್ ಇರುವಾಗ್ಲೇ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ, ಒಣಗಿದ ಮೇಲೆ ಬಾಚಣಿಗೆ ಮುಟ್ಟೋದೇ ಇಲ್ಲ.

ಈಗ ಅಸಲಿ ಪಂದ್ಯ, ಲೀವ್ ಇನ್ ಕ್ರೀಮ್ (ಹಚ್ಚಿ ತೊಳೆಯದೆ ಹಾಗೇ ಬಿಡೋದು) ವರ್ಸಸ್ ಜೆಲ್. ಕ್ರೀಮ್ ಅಂದ್ರೆ ಸೀಟೈಲ್ ಆಲ್ಕೋಹಾಲ್ ಥರದ ಕೊಬ್ಬಿನ ಅಂಶ (ಹೆಸರಲ್ಲಿ ಆಲ್ಕೋಹಾಲ್ ಇದೆ ಅಂತ ಹೆದರಬೇಡಿ, ಇದು ಒಣಗಿಸೋ ಜಾತಿ ಅಲ್ಲ) ಪ್ಲಸ್ ಕಂಡೀಷನಿಂಗ್ ಏಜೆಂಟ್, ಎಳೆ ಮೆತ್ತಗಾಗತ್ತೆ, ತೂಕ ಬರತ್ತೆ, ಆದ್ರೆ ಆಕಾರ ಹಿಡಿದಿಡಲ್ಲ. ಜೆಲ್‌ನಲ್ಲಿ ಪಾಲಿಮರ್ ಇರತ್ತೆ, ಒಣಗಿದಾಗ ಸುರುಳಿ ಸುತ್ತ ತೆಳು ಪದರ ಆಗಿ ಆಕಾರ ಲಾಕ್ ಮಾಡತ್ತೆ. ನಂಗೆ ಕ್ರೀಮ್ ಒಂದೇ ಹಾಕಿದ ದಿನ ಮಧ್ಯಾಹ್ನದವರೆಗೆ ಚೆನ್ನಾಗಿರತ್ತೆ, ಆಮೇಲೆ ಅಲೆ ಎಲ್ಲ ಬಿಚ್ಕೊಂಡು ಬರೀ ಉಬ್ಬಿದ ಕೂದಲು. ಜೆಲ್ ಹಾಕಿದ ದಿನ ಮಾರನೇ ದಿನವೂ ಸುರುಳಿ ಹಾಗೇ ಇರತ್ತೆ. ಆದ್ರೆ ಹಾಕೋ ರೀತಿ ಮುಖ್ಯ. ಟವೆಲ್ ಮುಟ್ಟಿಸದೆ, ನೀರು ತೊಟ್ಟಿಕ್ತಾ ಇರುವಾಗ್ಲೇ ತಲೆ ಬಗ್ಗಿಸಿ, ಅಂಗೈಲಿ ಜೆಲ್ ಹರಡ್ಕೊಂಡು ತುದಿಯಿಂದ ಮೇಲಕ್ಕೆ ಹಿಡಿ ಹಿಡಿಯಾಗಿ ಹಿಂಡ್ತಾ ಬರಬೇಕು, ಪಚಕ್ ಪಚಕ್ ಅಂತ ಸದ್ದು ಬರಬೇಕು, ಆ ಸದ್ದು ಬರ್ತಿಲ್ಲ ಅಂದ್ರೆ ನೀರು ಸಾಲ್ದು ಅಂತ ಅರ್ಥ, ಜೆಲ್ ಇನ್ನಷ್ಟು ಹಾಕಬೇಡಿ, ನೀರು ಹಾಕಿ. ಒಣಗಿದ ಮೇಲೆ ಮುಟ್ಟಿದ್ರೆ ಹಪ್ಪಳದ ಥರ ಗರಿ ಗರಿ, ಮೊದಲನೇ ಸಲ ಅಕ್ಕ ನೋಡಿ "ಏನೇ ಇದು, ಗಂಜಿ ಹಾಕಿದೀಯಾ" ಅಂದ್ಲು. ಪೂರ್ತಿ ಒಣಗಿದ ಮೇಲೆ, ಪೂರ್ತಿ ಅಂದ್ರೆ ಪೂರ್ತಿ, ಎರಡು ಹನಿ ಎಣ್ಣೆ ಕೈಗೆ ಸವರ್ಕೊಂಡು ಮತ್ತೆ ಹಿಡಿ ಹಿಡಿಯಾಗಿ ಹಿಂಡಿದ್ರೆ ಆ ಗಟ್ಟಿ ಪದರ ಪುಡಿಯಾಗಿ ಒಳಗೆ ಮೆತ್ತನೆ ಸುರುಳಿ ಉಳಿಯತ್ತೆ. ಅರ್ಧ ಒದ್ದೆ ಇರುವಾಗ ಕೈ ಹಾಕಿದ್ರೆ ಎಲ್ಲ ಕೆದರಿ ಹೋಗತ್ತೆ.

ಗೆಳತಿ ವಿಷಯದಲ್ಲಿ ಎಲ್ಲ ಟೈಪ್ ಚಾರ್ಟೂ ದಪ್ಪ ಬಟರ್ (ಕೂದಲಿಗೆ ಹಚ್ಚೋ ಗಟ್ಟಿ ಕೊಬ್ಬು), ದಪ್ಪ ಕ್ರೀಮ್ ಅನ್ನತ್ತೆ, ಬಿಗಿ ಸುರುಳಿ ಅಲ್ವಾ. ಹಾಕಿದ್ರೆ ಸುರುಳಿಗಳೆಲ್ಲ ಅಂಟಿಕೊಂಡು ಜೋತು ಬಿದ್ವು, ಕೈಗೆಲ್ಲ ಮೇಣ. ಮೇಲೆ ಹೇಳಿದ್ನಲ್ಲ, ಅವಳ ಎಳೆ ಸಣ್ಣ, ನೀರೂ ನಿಧಾನ ಒಳಗೆ ಹೋಗೋದು, ಭಾರದ್ದೆಲ್ಲ ಮೇಲೇ ಕೂರತ್ತೆ. ಕೊನೆಗೆ ಅವಳಿಗೆ ಸರಿ ಹೋಗಿದ್ದು ನೀರು ನೀರಾದ ಲೀವ್ ಇನ್, ಅದರ ಮೇಲೆ ಜೆಲ್. ಅಕ್ಕನಿಗೆ ಎರಡೂ ಬೇಡ, ತುದಿಗೆ ಕಂಡೀಷನರ್ ಹಾಕಿ ಚೆನ್ನಾಗಿ ತೊಳೆದ್ರೆ ಮುಗೀತು.

ಅಗಸೆ ಬೀಜ ಕುದಿಸಿ ಮನೇಲೇ ಮಾಡೋ ಜೆಲ್ಲೂ ಟ್ರೈ ಮಾಡಿದೀವಿ. ಸುರುಳಿ ಮೆತ್ತಗೆ ಬರತ್ತೆ, ಗರಿ ಗರಿ ಕಮ್ಮಿ, ಆದ್ರೆ ಹಿಡಿತ ಅಂಗಡಿ ಜೆಲ್‌ನಷ್ಟಿಲ್ಲ, ಪ್ರಿಸರ್ವೇಟಿವ್ ಇಲ್ಲದ್ದರಿಂದ ಫ್ರಿಜ್‌ನಲ್ಲಿಟ್ರೂ ಬೇಗ ಕೆಡತ್ತೆ, ಸೋಸೋದಂತೂ ತಣ್ಣಗಾದ ಮೇಲೆ ಸಾಧ್ಯಾನೇ ಇಲ್ಲ, ಬಿಸಿ ಇರುವಾಗ್ಲೇ ಸೋಸ್ಬೇಕು. ಪುರುಸೊತ್ತು ಇದ್ದೋರಿಗೆ ಓಕೆ. ಇನ್ನೊಂದು, ಜೆಲ್ ಕೊಳ್ಳುವಾಗ ಲೇಬಲ್‌ನಲ್ಲಿ ಗ್ಲಿಸರಿನ್ ಎಷ್ಟು ಮೇಲಿದೆ ನೋಡಿ. ಅದು ಗಾಳಿಯ ತೇವ ಎಳ್ಕೊಳ್ಳೋ ವಸ್ತು, ಮಳೆಗಾಲದಲ್ಲಿ ಹಾಕಿದ್ರೆ ನನ್ನ ತಲೆ ಡಬಲ್ ಸೈಜ್ ಆಗತ್ತೆ.

ಒಣಗಿಸೋದು. ಟವೆಲ್‌ಗಿಂತ ಹಳೇ ಕಾಟನ್ ಟೀ ಶರ್ಟ್ ಒಳ್ಳೇದು, ನಂಗೂ ಗೆಳತಿಗೂ, ಅಕ್ಕನಿಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ. ಆದ್ರೆ ಗಾಳೀಲಿ ಒಣಗಿಸೋದಾ ಡ್ರೈಯರಾ ಅನ್ನೋದರಲ್ಲಿ ನನ್ನ ಅಭಿಪ್ರಾಯ ಬದಲಾಯ್ತು. ಗಾಳೀನೇ ಸೇಫ್ ಅಂತ ಎಲ್ರಿಗೂ ಅನ್ಸತ್ತೆ. 2011ರಲ್ಲಿ ಕೊರಿಯಾದವರು ಕೂದಲನ್ನ ಬೇರೆ ಬೇರೆ ಬಿಸಿಯಲ್ಲಿ ಒಣಗಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು. ಬಿಸಿ ಜಾಸ್ತಿ ಆದಷ್ಟೂ ಮೇಲ್ಮೈ ಹಾಳಾಗೋದು ನಿಜ, ಆದ್ರೆ ಎಳೆ ಒಳಗಿನ ಜೀವಕೋಶಗಳನ್ನ ಅಂಟಿಸೋ ಪದರ ಹಾಳಾಗಿದ್ದು ತಾನಾಗೇ ಒಣಗಿದ ಕೂದಲಲ್ಲಿ ಮಾತ್ರ, ಬಹುಶಃ ನೀರು ತುಂಬಾ ಹೊತ್ತು ಒಳಗೇ ಇದ್ದದ್ದಕ್ಕೆ. ಡ್ರೈಯರ್ 15 ಸೆಂಟಿಮೀಟರ್ ದೂರ ಹಿಡಿದು ಅಲ್ಲಾಡಿಸ್ತಾ ಇದ್ರೆ ಗಾಳೀಲಿ ಒಣಗಿಸೋದಕ್ಕಿಂತ ಹಾನಿ ಕಮ್ಮಿ ಅಂತ ಅವರ ತೀರ್ಮಾನ. ಸ್ಟ್ರೈಟ್ನರ್‌ಗೆ ಇದನ್ನ ಅನ್ವಯಿಸಬೇಡಿ, ಒದ್ದೆ ಕೂದಲ ಮೇಲೆ ಅದಿಟ್ರೆ ಒಳಗಿನ ನೀರು ಕುದಿದು ಎಳೆಯಲ್ಲೇ ಗುಳ್ಳೆ ಏಳತ್ತೆ, ಅಲ್ಲೇ ಮುರಿಯತ್ತೆ.

ನೀರು ಬಿದ್ದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಚ್ಕೋತವೆ, ಒಣಗುವಾಗ ಯಾವ ಆಕಾರದಲ್ಲಿರತ್ತೋ ಅದೇ ಆಕಾರದಲ್ಲಿ ಮತ್ತೆ ಕಟ್ಕೋತವೆ. ಗಾಳೀಲಿ ಒಣಗಿಸಿದ್ರೆ ನನ್ನ ಕೂದಲು ನೀರಿನ ಭಾರಕ್ಕೆ ಜೋತುಬಿದ್ದೇ ಒಣಗತ್ತೆ, ನೆತ್ತಿ ಹತ್ರ ಚಪ್ಪಟೆ. ಡಿಫ್ಯೂಸರ್ ಅಂದ್ರೆ ಡ್ರೈಯರ್ ಮುಂದೆ ಸಿಕ್ಕಿಸೋ, ಗಾಳಿ ಹರಡೋ ತೂತು ತೂತಿನ ಬಟ್ಟಲು, ಅದರಲ್ಲಿ ಸುರುಳಿ ಎತ್ತಿ ಕೂರಿಸಿ, ಕಮ್ಮಿ ಬಿಸಿ, ಕಮ್ಮಿ ಗಾಳೀಲಿ ಒಣಗಿಸಿದ್ರೆ ಬುಡದಿಂದ್ಲೇ ಎದ್ದು ನಿಲ್ಲತ್ತೆ. ನನ್ನ ಓಟು ಡಿಫ್ಯೂಸರ್‌ಗೆ. ಅಕ್ಕ ಡ್ರೈಯರ್‌ಗೆ ಮೂತಿ ಹಾಕಿ ಬುಡ ಮಾತ್ರ ಒಣಗಿಸಿ ಬಿಡ್ತಾಳೆ.

ಗೆಳತಿಗೆ ಇರೋ ಸಮಸ್ಯೆ ಬೇರೆ, ಕುಗ್ಗೋದು. ಒದ್ದೆ ಇದ್ದಾಗ ಭುಜ ಮುಟ್ಟೋ ಕೂದಲು ಒಣಗಿದ್ರೆ ಕಿವಿ ಹತ್ರ ಬಂದು ನಿಲ್ಲತ್ತೆ. ಡಿಫ್ಯೂಸರ್ ಹಾಕಿದ್ರೆ ಅದು ಇನ್ನೂ ಜಾಸ್ತಿ. ಅವಳು ಎರಡೆರಡು ಜೊಂಪೆ ಹಿಡಿದು ಒಂದಕ್ಕೊಂದು ಹೆಣೆದು, ರಾತ್ರಿ ಹಾಗೇ ಒಣಗಿಸಿ ಬೆಳಿಗ್ಗೆ ಬಿಚ್ತಾಳೆ, ಉದ್ದಾನೂ ಉಳಿಯತ್ತೆ, ಸಿಕ್ಕೂ ಕಮ್ಮಿ. ಸುರುಳಿ ಹಾಗೇ ಬಿಟ್ಟು ಒಣಗಿಸೋದು ನೋಡಕ್ಕೆ ಜಾಸ್ತಿ ಚೆನ್ನಾಗಿರತ್ತೆ ಅಂತ ನಂಗನ್ಸತ್ತೆ, ಅವಳು ಒಪ್ಪಲ್ಲ, ತುದಿ ಗಂಟಾದ್ರೆ ಬಿಡಿಸೋಳು ನೀನಲ್ವಲ್ಲ ಅಂತಾಳೆ. ಹೆಲ್ಮೆಟ್ ಹಾಕೋ ದಿನ ಇವೆರಡೂ ಸೋಲ್ತವೆ, ಅವತ್ತು ಮೂರೂ ಜನ ಕುತ್ತಿಗೆ ಹತ್ರ ಸಡಿಲವಾಗಿ ತುರುಬು ಕಟ್ಕೊಂಡು ಹೊರಡೋದು.