ಉಚಿತ ಮ್ಯಾಥಮ್ಯಾಟಿಕಾ, ಉಚಿತ ಗುರೋಬಿ: ಯಾವ ಕೆಲಸಕ್ಕೆ ಉಚಿತ?

ಪದವಿ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು, ಹಣ ಕೊಟ್ಟು ಕೊಳ್ಳಬೇಕಾದ ಗಣಿತ ತಂತ್ರಾಂಶಗಳ ಉಚಿತ ಆವೃತ್ತಿಗಳನ್ನು ಹಲವು ವರ್ಷಗಳಿಂದ ಬಳಸುತ್ತ ಬಂದಿದ್ದೇನೆ. ಇಂಥವುಗಳ ವಿಮರ್ಶೆ ಎಂದರೆ ಸಾಮಾನ್ಯವಾಗಿ ವೇಗ, ನಿಖರತೆ, ಗ್ರಾಫುಗಳ ಅಂದಚೆಂದ. ನನಗೆ ಕಾಲಕ್ರಮದಲ್ಲಿ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು, ತಂತ್ರಾಂಶ ಕೊಟ್ಟ ಉತ್ತರವನ್ನು ಎಲ್ಲಿಗೆ ಒಯ್ಯಬಹುದು ಎಂಬ ಪ್ರಶ್ನೆ. ಆದ್ದರಿಂದ ಈ ಬರಹದ ಬಹುಪಾಲು ಪರವಾನಗಿಯ ಕುರಿತದ್ದೇ ಆಗಿದೆ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ 2013ರ ನವೆಂಬರ್‌ನಿಂದ ವುಲ್ಫ್ರಮ್ ಕಂಪನಿಯ ಗಣಿತ ತಂತ್ರಾಂಶ ಮ್ಯಾಥಮ್ಯಾಟಿಕಾ ಉಚಿತವಾಗಿ ದೊರೆಯುತ್ತಿದೆ. ಇದರಲ್ಲಿ ನೋಟ್‌ಬುಕ್ (ಸೂತ್ರ ಬರೆದಲ್ಲೇ ಉತ್ತರ, ಚಿತ್ರ ಕಾಣಿಸುವ ಪುಟ) ಸಹ ಇರುತ್ತದೆ; ಅನುಕಲನ, ಅವಕಲ ಸಮೀಕರಣ, ಮೂರು ಆಯಾಮದ ಚಿತ್ರ ಎಲ್ಲವೂ ನಡೆಯುತ್ತವೆ. ನಿಧಾನ ಹೌದು, ಆದರೆ ಅದು ಯಂತ್ರದ ಮಿತಿ. ಪರವಾನಗಿಯ ಮಿತಿ ಬೇರೆಯದು: ವೈಯಕ್ತಿಕ ಅಥವಾ ಶೈಕ್ಷಣಿಕ ಬಳಕೆಗೆ ಮಾತ್ರ, ಅದೂ ವಾಣಿಜ್ಯ ಉದ್ದೇಶವಿಲ್ಲದಿದ್ದರೆ. ತರಗತಿಯಲ್ಲಿ ಫೂರಿಯೇ ಶ್ರೇಣಿಯನ್ನು ತೋರಿಸುವವನಿಗೆ ಇದರಿಂದ ತೊಂದರೆಯಿಲ್ಲ. ಅದೇ ಶಿಕ್ಷಕ ಸಂಜೆ ಶುಲ್ಕ ಪಡೆದು ಮನೆಪಾಠ ಹೇಳುವಾಗ ಅದೇ ಚಿತ್ರವನ್ನು ತೋರಿಸಿದರೆ ಅದು ಶಿಕ್ಷಣವೋ ವಾಣಿಜ್ಯವೋ? ತಂತ್ರಾಂಶ ತಾನಾಗಿ ಇದನ್ನು ಕೇಳುವುದಿಲ್ಲ, ತಡೆಯುವುದೂ ಇಲ್ಲ. ನಿರ್ಧಾರದ ಹೊರೆ ಪೂರ್ತಿಯಾಗಿ ಬಳಸುವವನ ಹೆಗಲಿಗೇ ಬೀಳುತ್ತದೆ.

2019ರ ಮೇ ತಿಂಗಳಲ್ಲಿ ಬಂದ ಉಚಿತ ವುಲ್ಫ್ರಮ್ ಎಂಜಿನ್, ಅಂದರೆ ಮ್ಯಾಥಮ್ಯಾಟಿಕಾದ ಒಳಗಿನ ಲೆಕ್ಕ ಮಾಡುವ ಭಾಗ, ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇದರೊಂದಿಗೆ ನೋಟ್‌ಬುಕ್ ಬರುವುದಿಲ್ಲ, ಆದರೆ ಜುಪಿಟರ್ ಎಂಬ ಮುಕ್ತ ನೋಟ್‌ಬುಕ್ ತಂತ್ರಾಂಶಕ್ಕೆ ಜೋಡಿಸಿಕೊಳ್ಳಬಹುದು. ಅದರ ವುಲ್ಫ್ರಮ್ ಭಾಷೆಯ ಶಕ್ತಿಯಲ್ಲಿ ನಾನು ಯಾವ ಕೊರತೆಯನ್ನೂ ಕಂಡಿಲ್ಲ. ತಂತ್ರಾಂಶ ಅಭಿವೃದ್ಧಿಪಡಿಸುವವರು ಪ್ರಯೋಗ ಮಾಡಿ ನೋಡಲೆಂದು ಕೊಟ್ಟದ್ದು ಇದು; ಸಿದ್ಧವಾದದ್ದನ್ನು ನಿಜವಾದ ಬಳಕೆಗೆ ಇಳಿಸಿದೊಡನೆ ಬೇರೆ ಪರವಾನಗಿ ಬೇಕು. ಗೈಡ್ ಪುಸ್ತಕವೊಂದಕ್ಕೆ ಸಂಭಾವನೆಗಾಗಿ ಗ್ರಾಫುಗಳನ್ನು ಬರೆದುಕೊಡುವ ಕೆಲಸ ಬಂದಾಗ ನಾನು ಇದನ್ನು ಮುಟ್ಟದೆ, ಯಾವ ಉದ್ದೇಶಕ್ಕೂ ಉಚಿತವಾದ ಮ್ಯಾಕ್ಸಿಮಾ ಮತ್ತು ಮ್ಯಾಟ್‌ಪ್ಲಾಟ್‌ಲಿಬ್‌ಗಳಲ್ಲಿ ಬರೆದುಕೊಟ್ಟೆ. ಗ್ರಾಫು ಅಷ್ಟು ನಯವಾಗಿರಲಿಲ್ಲ, ಆದರೆ ಯಾರಿಗೂ ಉತ್ತರ ಕೊಡಬೇಕಾದ ಪ್ರಮೇಯವಿರಲಿಲ್ಲ.

ಮಿತಿಯನ್ನು ತಂತ್ರಾಂಶವೇ ಜಾರಿಗೊಳಿಸುವ ಉದಾಹರಣೆಗೆ ಗುರೋಬಿ, ಸಿಪ್ಲೆಕ್ಸ್‌ನಂಥ ಆಪ್ಟಿಮೈಸೇಶನ್ (ನಿರ್ಬಂಧಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ) ತಂತ್ರಾಂಶಗಳನ್ನು ನೋಡಬೇಕು. ಪೈಥಾನ್ ಮೂಲಕ ಅನುಸ್ಥಾಪಿಸಿಕೊಂಡ ಗುರೋಬಿಯೊಂದಿಗೆ ಬರುವ ಸೀಮಿತ ಪರವಾನಗಿ 2000 ಚರಗಳು ಮತ್ತು 2000 ರೇಖೀಯ ನಿರ್ಬಂಧಗಳನ್ನು ಮೀರಲು ಬಿಡುವುದಿಲ್ಲ. ಸಿಪ್ಲೆಕ್ಸ್‌ನ ಕಮ್ಯುನಿಟಿ ಆವೃತ್ತಿಯಲ್ಲಿ ಎರಡೂ 1000. ಕಾಲೇಜಿನ ವೇಳಾಪಟ್ಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ವಾರಕ್ಕೆ 6 ದಿನ, ದಿನಕ್ಕೆ 6 ಪೀರಿಯಡ್, 6 ವಿಷಯಗಳೆಂದರೆ, ಪ್ರತಿ ಪೀರಿಯಡ್‌ನಲ್ಲಿ ಪ್ರತಿ ವಿಷಯ ಇದೆಯೋ ಇಲ್ಲವೋ ಎಂಬುದಕ್ಕೆ ಒಂದೊಂದು ಚರದಂತೆ, ಒಂದು ಸೆಕ್ಷನ್ನಿಗೆ 216 ಚರಗಳು. ಒಂಬತ್ತು ಸೆಕ್ಷನ್ನುಗಳಿಗೆ 1944 ಆಗಿ ಗುರೋಬಿಯ ಮಿತಿಯೊಳಗೆ ಕೂದಲೆಳೆಯ ಅಂತರದಲ್ಲಿ ಕುಳಿತುಕೊಳ್ಳುತ್ತದೆ, ಹತ್ತನೆಯದು ಸೇರಿದರೆ ಮೀರುತ್ತದೆ. ಸಿಪ್ಲೆಕ್ಸ್‌ನಲ್ಲಿ ನಾಲ್ಕೇ ಸೆಕ್ಷನ್. ಸಂಖ್ಯೆಯ ಇಂಥ ಮಿತಿಯ ಬಗ್ಗೆ ನನಗೆ ತಕರಾರಿಲ್ಲ: ಕೆಲಸ ಶುರು ಮಾಡುವ ಮೊದಲೇ ಲೆಕ್ಕ ಹಾಕಿ ಆಗುತ್ತದೋ ಇಲ್ಲವೋ ತಿಳಿಯಬಹುದು.

ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಆ ಸೀಮಿತ ಪರವಾನಗಿಯಲ್ಲಿ ಗುರೋಬಿಯನ್ನು ಓಡಿಸಿದಾಗ, ಇದು ನೈಜ ಬಳಕೆಗಲ್ಲದ ಪರವಾನಗಿ ಎಂಬ ಸಾಲೂ ಅದರ ಅವಧಿ ಮುಗಿಯುವ ದಿನಾಂಕವೂ ತೆರೆಯ ಮೇಲೆ ಮೂಡುತ್ತವೆ. ಅಂದರೆ ಒಂಬತ್ತು ಸೆಕ್ಷನ್ನುಗಳ ವೇಳಾಪಟ್ಟಿಯನ್ನು ವಿದ್ಯಾರ್ಥಿಗಳಿಗೆ ಮಾದರಿಯಾಗಿ ಬಿಡಿಸಿ ತೋರಿಸಬಹುದು. ಅದನ್ನೇ ಮುದ್ರಿಸಿ ಪ್ರಾಂಶುಪಾಲರ ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರೆ, ನನ್ನ ಓದಿನ ಪ್ರಕಾರ, ಅದು ನೈಜ ಬಳಕೆ. ಶೈಕ್ಷಣಿಕ ಪರವಾನಗಿ ಪಡೆದರೆ ಚರಗಳ ಮಿತಿ ಹೋಗುತ್ತದೆ, ಆದರೆ ಅದು ಬೋಧನೆ ಮತ್ತು ಸಂಶೋಧನೆಗೆಂದು ಕೊಡುವಂಥದ್ದು. ಕಚೇರಿಯ ವೇಳಾಪಟ್ಟಿ ಇವೆರಡರಲ್ಲಿ ಯಾವುದು ಎಂದು ವಾದಿಸುವ ಉತ್ಸಾಹ ನನಗಿಲ್ಲ. ಅದರ ಬದಲು, ಎಡಿನ್‌ಬರ್ಗ್‌ನಲ್ಲಿ ರೂಪುಗೊಂಡ, ಯಾವ ಬಳಕೆಗೂ ಅಡ್ಡಿಯಿಲ್ಲದ ಎಂಐಟಿ ಪರವಾನಗಿಯ ಹೈಸ್ ಎಂಬ ಆಪ್ಟಿಮೈಸೇಶನ್ ತಂತ್ರಾಂಶ ಈಗ ಪೈಥಾನಿನ ಸೈಪೈ ಲೈಬ್ರರಿಯ ಒಳಗೇ ದೊರೆಯುತ್ತದೆ. ದೊಡ್ಡ ಸಮಸ್ಯೆಗಳಲ್ಲಿ ಗುರೋಬಿಗಿಂತ ಹಿಂದೆ ಬಿದ್ದರೂ ಕಾಲೇಜಿನ ವೇಳಾಪಟ್ಟಿಗೆ ಧಾರಾಳವಾಗಿ ಸಾಕು.

ಬ್ರೌಸರಿನಲ್ಲೇ ಲೆಕ್ಕ ಮಾಡಿಸುವ ಮ್ಯಾಟ್‌ಲ್ಯಾಬ್ ಆನ್‌ಲೈನ್‌ನ ಉಚಿತ ಆವೃತ್ತಿ ತಿಂಗಳಿಗೆ 20 ಗಂಟೆ ಕೊಡುತ್ತದೆ. ಮ್ಯಾಟ್ರಿಕ್ಸ್ ಕಲಿಯುವವರಿಗೆ ಇದು ಒಳ್ಳೆಯದು, ರಾತ್ರಿಯಿಡೀ ಓಡಬೇಕಾದ ಸಿಮ್ಯುಲೇಶನ್ನಿಗೆ ಆಗಿಬರುವುದಿಲ್ಲ.

ಪರವಾನಗಿ ಶಾಶ್ವತವಲ್ಲ ಎಂಬುದನ್ನೂ ಹೇಳಬೇಕು. ಅದು ಒಳ್ಳೆಯ ಕಡೆಗೂ ಬದಲಾಗುತ್ತದೆ. ಬರ್ಲಿನ್‌ನ ಸ್ಕಿಪ್ ಎಂಬ ಆಪ್ಟಿಮೈಸೇಶನ್ ತಂತ್ರಾಂಶ ಬಹುಕಾಲ ಶೈಕ್ಷಣಿಕ ಬಳಕೆಗೆ ಮಾತ್ರ ಉಚಿತವಾಗಿತ್ತು; 2022ರಲ್ಲಿ ಮುಕ್ತ ಬಳಕೆಯ ಅಪಾಚೆ 2.0 ಪರವಾನಗಿಗೆ ಬಂದ ಮೇಲೆ ಉದ್ದೇಶದ ಆ ಬೇಲಿ ಇಲ್ಲವಾಯಿತು. ಬಿಎಸ್‌ಸಿ ಪ್ರಯೋಗಾಲಯಗಳಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ ಎಂಬ ಮುಕ್ತ ತಂತ್ರಾಂಶಗಳನ್ನು ಕಲಿತು ಬಂದ ನಮ್ಮ ವಿದ್ಯಾರ್ಥಿಗಳಿಗೆ ಇಂಥ ಬೇಲಿಗಳ ಅರಿವೇ ಇರುವುದಿಲ್ಲ. ಹೊರಗೆ ಕೆಲಸಕ್ಕೆ ಸೇರಿ, ಕಲಿಕೆಗೆಂದು ಇಳಿಸಿಕೊಂಡ ಉಚಿತ ಎಂಜಿನ್ನನ್ನೇ ಕಂಪನಿಯ ವರದಿಗೂ ಬಳಸಲು ಹೊರಡುವವರು ಇವರೇ.

ವಿಶ್ಲೇಷಣಾತ್ಮಕ ಗಣಿತವನ್ನು ತಮ್ಮ ಖುಷಿಗಾಗಿ ಮಾಡುವವರಿಗೆ ವುಲ್ಫ್ರಮ್ ಎಂಜಿನ್ ಅನ್ನೂ, ಆಪ್ಟಿಮೈಸೇಶನ್ ಕಲಿಸುವವರಿಗೆ ಗುರೋಬಿಯ ಸೀಮಿತ ಆವೃತ್ತಿಯನ್ನೂ ನಾನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಸೆಮಿಸ್ಟರಿನ ನಡುವೆ ಪ್ರಯೋಗಾಲಯದ ಅಷ್ಟೂ ಯಂತ್ರಗಳಲ್ಲಿ ಒಂದೇ ದಿನ ಅವಧಿ ಮುಗಿಯದಂತೆ, ಗುರೋಬಿಯ ತೆರೆಯ ಮೇಲಿನ ಆ ದಿನಾಂಕವನ್ನು ತರಗತಿಗಳು ಆರಂಭವಾಗುವ ಮೊದಲೇ ನೋಡಿಕೊಂಡು ಹೊಸ ಆವೃತ್ತಿಯನ್ನು ಹಾಕಿಸಿಡುವುದು ಒಳ್ಳೆಯದು.