ಸಾನ್ ಜಿಮಿನ್ಯಾನೋದ ಟೊರ್ರೆ ಗ್ರೊಸ್ಸಾ: ಕೇಸರಿ ಮಾರಿ ಬೆಳೆದ ಊರನ್ನು ಮೇಲಿನಿಂದ ನೋಡಿ

ನಾನು ತುಮಕೂರಿನಲ್ಲಿ 26 ವರ್ಷ ದಿನಸಿ ಅಂಗಡಿ ನಡೆಸಿದವಳು. ಕೇಸರಿ ಡಬ್ಬಿಗಳನ್ನು ಗಲ್ಲಾಪೆಟ್ಟಿಗೆ ಪಕ್ಕದ ಡ್ರಾಯರ್‌ನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಫ್ಲಾರೆನ್ಸ್‌ನಲ್ಲಿರುವ ಮಗ "ಅಮ್ಮ, ಇಲ್ಲೇ ಹತ್ತಿರ ಒಂದು ಊರಿದೆ, ಹಿಂದೆ ಕೇಸರಿ ಕೊಟ್ಟು ಸಾಲ ತೀರಿಸ್ತಿದ್ರಂತೆ, ಹೋಗೋಣ್ವಾ?" ಅಂದ. ನಾನು ಬೇರೇನೂ ಕೇಳಲಿಲ್ಲ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡೆ.

ಆ ಊರೇ ಇಟಲಿಯ ಸಾನ್ ಜಿಮಿನ್ಯಾನೋ. ಫ್ಲಾರೆನ್ಸ್‌ನಿಂದ ಹೋಗುವಾಗ ಪೊಜ್ಜಿಬೊನ್ಸಿ ಎಂಬ ಊರಿನಲ್ಲಿ ಬಸ್ ಬದಲಾಯಿಸಬೇಕು. ಗುಡ್ಡ ಹತ್ತುವಾಗಲೇ ಗೋಪುರಗಳು ಕಾಣಿಸುತ್ತವೆ. ಗೋಪುರ ಅಂದ ತಕ್ಷಣ ನಮಗೆ ದೇವಸ್ಥಾನದ್ದು ನೆನಪಾಗುತ್ತದೆ, ಅಲ್ವಾ? ಇವು ಹಾಗಲ್ಲ. ಚೌಕಾಕಾರದ, ಬೋಳು ಕಲ್ಲಿನ ಕಟ್ಟಡಗಳು. ದುಡ್ಡು ಮಾಡಿದ ಮನೆತನಗಳು ಪೈಪೋಟಿಗೆ ಬಿದ್ದು ಕಟ್ಟಿಸಿದ್ದು. ಒಂದು ಕಾಲಕ್ಕೆ 72 ಇದ್ದವಂತೆ. ಈಗ 14 ಉಳಿದಿವೆ.

ನಾನು ಇಲ್ಲಿ ಬರೆಯುತ್ತಿರುವುದು ಊರ ನಡುವಿನ ಪಲಾಜ್ಜೋ ಕೊಮುನಾಲೆ ಬಗ್ಗೆ. ಹಳೇ ಪುರಸಭೆ ಕಟ್ಟಡ ಅನ್ನಿ. ಒಂದೇ ಟಿಕೆಟ್‌ಗೆ ಒಳಗಿನ ಮ್ಯೂಸಿಯಂ, ಚಿತ್ರಶಾಲೆ, ಅದಕ್ಕೆ ಅಂಟಿಕೊಂಡ ಟೊರ್ರೆ ಗ್ರೊಸ್ಸಾ ಗೋಪುರ ಎಲ್ಲವನ್ನೂ ನೋಡಬಹುದು. ಜಾಸ್ತಿ ಜನ ಸೀದಾ ಗೋಪುರ ಹತ್ತಿ, ಫೋಟೋ ತೆಗೆದು ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಒಳಗಿನ ಚಿತ್ರಗಳನ್ನು ನೋಡಿ.

ಅಲ್ಲೊಂದು ಚಿತ್ರದ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ. ತಾದ್ದೆಯೋ ದಿ ಬಾರ್ತೊಲೋ ಬರೆದದ್ದು. ಸಂತ ಜಿಮಿನ್ಯಾನೋ ಕೂತಿದ್ದಾರೆ, ಮಡಿಲಲ್ಲಿ ಇಡೀ ಊರು. ಗೋಡೆ, ಮನೆ, ಒತ್ತೊತ್ತಾಗಿ ಗೋಪುರಗಳು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಹಾಗೆ ಊರನ್ನು ಹಿಡಿದುಕೊಂಡಿದ್ದಾರೆ. ಅವರು ಮೊದೆನಾ ಎಂಬ ಊರಿನ ಬಿಷಪ್. ದಾಳಿಕೋರರಿಂದ ಈ ಊರನ್ನು ಕಾಪಾಡಿದರು ಎಂಬ ನಂಬಿಕೆಯಿಂದ ಅವರ ಹೆಸರನ್ನೇ ಇಟ್ಟಿದ್ದಾರೆ. ದಾಖಲೆಯಲ್ಲಿ ಈ ಊರಿನ ಹೆಸರು ಮೊದಲು ಸಿಗುವುದು 929ರಲ್ಲಿ.

ಊರು ಬೆಳೆದದ್ದು ದಾರಿಯಿಂದ. ಉತ್ತರದಿಂದ ರೋಮ್‌ಗೆ ಯಾತ್ರಿಕರು ನಡೆದು ಹೋಗುತ್ತಿದ್ದ ವಿಯಾ ಫ್ರಾಂಚಿಜೆನಾ ಇದರ ಮೇಲೇ ಹಾದುಹೋಗುತ್ತಿತ್ತು. 990ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮ್‌ನಿಂದ ವಾಪಸ್ ಹೋಗುವಾಗಿನ ತಂಗುದಾಣಗಳ ಪಟ್ಟಿಯಲ್ಲಿ ಈ ಊರೂ ಇದೆ. ಜನ ಬಂದ ಕಡೆ ಅಂಗಡಿ ಏಳುತ್ತದೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ನಮ್ಮ ಅಂಗಡಿ ಇದ್ದದ್ದೂ ಬಸ್ ಸ್ಟ್ಯಾಂಡ್ ಎದುರಿಗೇ. 1199ರಲ್ಲಿ ಊರಿನವರು ವೊಲ್ತೆರ್ರಾದ ಬಿಷಪ್‌ಗಳ ಹಿಡಿತದಿಂದ ಬಿಡಿಸಿಕೊಂಡು ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳತೊಡಗಿದರು. ಸುತ್ತಲಿನ ಗುಡ್ಡಗಳಲ್ಲಿ ಬೆಳೆದ ಕೇಸರಿ ದೂರದೂರದ ಪೇಟೆಗಳಿಗೆ ಹೋಯಿತು. 1228ರಲ್ಲಿ ಒಂದು ಕೋಟೆಗೆ ಮುತ್ತಿಗೆ ಹಾಕಲು ಮಾಡಿದ್ದ ಸಾಲದಲ್ಲಿ ಒಂದು ಪಾಲನ್ನು ಕೇಸರಿಯಲ್ಲೇ ತೀರಿಸಿದರು. ಮಗ ಹೇಳಿದ್ದು ಇದನ್ನೇ.

ಸಭಾಂಗಣಕ್ಕೆ ಇಟಲಿಯ ಮಹಾಕವಿ ದಾಂತೆಯ ಹೆಸರಿದೆ. 1300ರ ಸುಮಾರಿಗೆ ಫ್ಲಾರೆನ್ಸ್‌ನ ರಾಯಭಾರಿಯಾಗಿ ಬಂದು ಈ ಊರಿನವರ ಮುಂದೆ ಮಾತಾಡಿದ್ದರು. ಗೋಡೆ ತುಂಬ ಮಾತೆ ಮರಿಯಮ್ಮನ ದರ್ಬಾರು, 1317ರಲ್ಲಿ ಲಿಪ್ಪೋ ಮೆಮ್ಮಿ ಬರೆದದ್ದು. ಇನ್ನೊಂದು ಚಿಕ್ಕ ಕೋಣೆಯಲ್ಲಿ ಅವರ ತಂದೆ ಮೆಮ್ಮೋ ಬಿಡಿಸಿದ ಗೋಡೆಚಿತ್ರಗಳು. ಗಂಡ ಹೆಂಡತಿ ಮರದ ತೊಟ್ಟಿಯಲ್ಲಿ ಒಟ್ಟಿಗೆ ಸ್ನಾನ ಮಾಡುತ್ತಾರೆ, ಆಮೇಲೆ ಹಾಸಿಗೆಗೆ ಹೋಗುತ್ತಾರೆ. 700 ವರ್ಷದ ಹಿಂದಿನ ಮನೆಯೊಳಗೆ ಇಣುಕಿದ ಹಾಗಾಯಿತು. ನನಗೆ ದೊಡ್ಡ ಸಭಾಂಗಣಕ್ಕಿಂತ ಇದೇ ಹೆಚ್ಚು ಇಷ್ಟ.

ಆಮೇಲೆ ಗೋಪುರ. ಎತ್ತರ 54 ಮೀಟರ್. ಲಿಫ್ಟ್ ಇಲ್ಲ. ಮಂಡಿ ನೋವಿರುವವರು ಯೋಚಿಸಿ, ಕೊನೆಯ ಏರು ತುಂಬಾ ಕಡಿದು. ನನಗೆ 61 ವರ್ಷ, ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದೆ. ಮೇಲೆ ಹೋದ ಮೇಲೆ ಚೌಕದ ಆಚೆ ಬದಿಯ ರೊಞ್ಞೋಜಾ ಗೋಪುರವನ್ನು ಹುಡುಕಿ. ಅದಕ್ಕಿಂತ ಎತ್ತರಕ್ಕೆ ಯಾರೂ ಕಟ್ಟಕೂಡದು ಅಂತ 1255ರಲ್ಲಿ ಕಾನೂನು ಮಾಡಿದ್ದರು. ಪಕ್ಕದಲ್ಲೇ ಸಾಲ್ವುಚ್ಚಿ ಮನೆತನದ ಜೋಡಿ ಗೋಪುರಗಳು. ಅವರಿಗೂ ಆರ್ದಿಂಗೆಲ್ಲಿ ಮನೆತನಕ್ಕೂ ತಲೆಮಾರುಗಳ ಹಗೆ. ನೀವು ನಿಂತಿರುವ ಗೋಪುರ ಮಾತ್ರ ಯಾವ ಮನೆತನದ್ದೂ ಅಲ್ಲ, ಊರಿನದು. 1311ರಲ್ಲಿ ಮುಗಿಯಿತು, ರೊಞ್ಞೋಜಾವನ್ನೂ ಮೀರಿತು.

ಅದಾಗಿ 37 ವರ್ಷಕ್ಕೆ ಪ್ಲೇಗ್ ಬಂತು. 1348. ಜನ ಗುಂಪುಗುಂಪಾಗಿ ಸತ್ತರು, ವ್ಯಾಪಾರ ನೆಲಕಚ್ಚಿತು. ಐದೇ ವರ್ಷದಲ್ಲಿ ಊರು ಫ್ಲಾರೆನ್ಸ್ ಕೈಗೆ ಹೋಯಿತು. ಆಮೇಲೆ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಇವರ ಹತ್ತಿರ ದುಡ್ಡೇ ಇರಲಿಲ್ಲ. ಅದಕ್ಕೇ ಇಷ್ಟಾದರೂ ಉಳಿದಿದೆ. ಮೇಲೆ ಗಾಳಿಗೆ ನಿಂತು ಮಗ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು. ಕೊರೊನಾ ವರ್ಷದಲ್ಲಿ ಶಟರ್ ಎಳೆದ ನಮ್ಮ ಬೀದಿ ನೆನಪಾಯಿತು.

ಕೇಸರಿ ಕೊಳ್ಳುವವರಿಗೆ ಒಂದು ಮಾತು. ಒಂದು ಅಂಗಡಿಯಲ್ಲಿ ಪುಡಿ ತೋರಿಸಿದರು, ನಾನು ಮುಟ್ಟಲಿಲ್ಲ. ಪುಡಿಯಲ್ಲಿ ಏನು ಬೆರೆತಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಈ ಊರಿನ ಕೇಸರಿಗೆ 2005ರಿಂದ ಯುರೋಪಿನ ಡಿಒಪಿ ಮುದ್ರೆ ಇದೆ, ಅಂದರೆ ಇದು ಇಲ್ಲಿಯದೇ ಬೆಳೆ ಅನ್ನುವ ಗುರುತು, ಎಸಳಿನ ರೂಪದಲ್ಲೇ ಸಿಗುತ್ತದೆ. ಡಬ್ಬಿ ಮೇಲೆ ಆ ಮುದ್ರೆ ನೋಡಿ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ನಿಜ. ಒಂದು ಗ್ರಾಂಗೆ ನೂರೈವತ್ತರಷ್ಟು ಹೂವು ಬೇಕು, ಒಂದೊಂದನ್ನೂ ಕೈಯಲ್ಲೇ ಬಿಡಿಸಬೇಕು.

ಮನೆಗೆ ಬಂದು ಬೆಚ್ಚಗಿನ ನೀರಿಗೆ ನಾಲ್ಕು ಎಸಳು ಹಾಕಿದೆ. ತಕ್ಷಣ ಬಣ್ಣ ಬಿಡಲಿಲ್ಲ. ನಿಧಾನವಾಗಿ ಹಳದಿ ಇಳಿಯಿತು, ಎಸಳು ಮಾತ್ರ ಕೆಂಪಾಗೇ ಉಳಿಯಿತು. ಸೊಸೆಯನ್ನು ಕರೆದು ತೋರಿಸಿದೆ. ಅವಳು ಆಗಲೇ ರವೆ ಹುರಿಯಲು ಬಾಣಲೆ ಇಟ್ಟಿದ್ದಳು.