ಬಲೂನ್ ಕಮಾನಿನ ಕಿಟ್: ಪಂಪ್ ಬಹಳ ಚೆನ್ನಾಗಿದೆ, ಉಳಿದದ್ದು ನೋಡಿಕೊಂಡು ತಗೊಳ್ಳಿ

ಮಗಳ 6ನೇ ಹುಟ್ಟುಹಬ್ಬದ ಪಾರ್ಟಿ ಮನೆಯಲ್ಲೇ ಮಾಡಿದೆವು, 12 ಮಕ್ಕಳು ಬಂದಿದ್ದರು. ಅಲಂಕಾರಕ್ಕೆ ಅಂತ ಬಲೂನ್ ಕಮಾನಿನ ಕಿಟ್ ತರಿಸಿದ್ದೆ. 100 ಬಲೂನ್, ಒಂದು ಕರೆಂಟ್ ಪಂಪ್, ತೂತುಗಳಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ, ಗೋಡೆಗೆ ಹಚ್ಚುವ ಗಮ್ ಸ್ಟಿಕ್ಕರ್, ಒಂದು ಎಲ್‌ಇಡಿ ದೀಪದ ಸರ.

ಮೊದಲು ಪಂಪ್. ಇದೊಂದಕ್ಕಾಗಿಯೇ ಕಿಟ್ ತಗೊಳ್ಳಬಹುದು. ಬಲೂನ್ ಸಿಕ್ಕಿಸಿ ಒತ್ತಿದರೆ ಎರಡು ಮೂರು ಸೆಕೆಂಡಲ್ಲಿ ತುಂಬಿಬಿಡುತ್ತದೆ. ಹೋದ ವರ್ಷ ಬಾಯಲ್ಲಿ ಊದಿ ಊದಿ, ಮಕ್ಕಳು ಬರುವ ಹೊತ್ತಿಗೆ ತಲೆ ಸುತ್ತಿ ಕೂತಿದ್ದೆ. ಈ ಸಲ ಆ ಪಾಡಿಲ್ಲ. ಒಂದೇ ಸಮನೆ ಓಡಿಸಿದರೆ ಮೋಟಾರ್ ಕಾಯುತ್ತದೆ, ನಡುನಡುವೆ ಆರಲು ಬಿಡಿ.

ಡಬ್ಬದ ಮೇಲೆ 30 ನಿಮಿಷದ ಕೆಲಸ ಅಂತ ಬರೆದಿದೆ. ನಂಬಬೇಡಿ. ನಾವಿಬ್ಬರು ಕೂತು ಮಾಡಿದರೂ ಎರಡೂವರೆ ಗಂಟೆ ಹಿಡಿಯಿತು. ಗಾಳಿ ತುಂಬೋದು ಬೇಗ ಆಗುತ್ತದೆ, ಗಂಟು ಹಾಕೋದೇ ಕಷ್ಟ. 40ನೇ ಬಲೂನಿನ ಹೊತ್ತಿಗೆ ತೋರುಬೆರಳು ಕೆಂಪಾಗಿ ಉರಿಯುತ್ತಿತ್ತು. ಎಲ್ಲ ಒಂದೇ ಗಾತ್ರಕ್ಕೆ ಬರಲಿ ಅಂತ ರಟ್ಟಿನಲ್ಲಿ ದುಂಡಗೆ ಒಂದು ತೂತು ಕತ್ತರಿಸಿ ಮಗಳ ಕೈಗೆ ಕೊಟ್ಟೆ. ಪ್ರತಿ ಬಲೂನನ್ನೂ ಅದರಲ್ಲಿ ತೂರಿಸಿ ನೋಡಿ, "ಅಮ್ಮಾ, ಇದು ದಪ್ಪ ಆಯ್ತು, ಸ್ವಲ್ಪ ಗಾಳಿ ಬಿಡು" ಅಂತ ಹೇಳುತ್ತಿದ್ದಳು. ಪಾರ್ಟಿಗಿಂತ ಆ ಕೆಲಸವೇ ಅವಳಿಗೆ ಜಾಸ್ತಿ ಖುಷಿ ಕೊಟ್ಟಿತೇನೋ.

ಅದಕ್ಕೇ ಹಿಂದಿನ ರಾತ್ರಿಯೇ ಕಟ್ಟಿಟ್ಟುಬಿಡಿ. ಹೀಲಿಯಂ ತುಂಬಿದ ಮಾಮೂಲಿ ರಬ್ಬರ್ ಬಲೂನಾದರೆ ಸುಮಾರು 12 ಗಂಟೆಯಲ್ಲಿ ಇಳಿಯತೊಡಗುತ್ತದೆ, ಬರೀ ಗಾಳಿ ತುಂಬಿದ್ದು ದಿನಗಟ್ಟಲೆ ಇರುತ್ತದೆ. ನಮ್ಮದು ನಾಲ್ಕನೇ ದಿನವೂ ಗಟ್ಟಿಯಾಗಿತ್ತು. ಬಿಸಿಲು ಬೀಳುವ ಕಿಟಕಿ ಪಕ್ಕ ಮಾತ್ರ ಬೇಡ, ಹೊಳಪು ಹೋಗಿ ಮಂಕಾಗುತ್ತವೆ, ಒಳಗಿನ ಗಾಳಿ ಹಿಗ್ಗಿ ಒಡೆಯುತ್ತವೆ.

ಗಮ್ ಸ್ಟಿಕ್ಕರ್ ಮುಟ್ಟಲೇಬೇಡಿ. ಕೀಳುವಾಗ ಅಂಗೈ ಅಗಲ ಬಣ್ಣ ಎದ್ದು ಬಂತು. ಕರ್ಟನ್ ರಾಡಿಗೆ ದಾರ ಕಟ್ಟಿ ತೂಗುಹಾಕಿದರೆ ಸಾಕು.

ಇನ್ನು ನನಗೆ ನಿಜಕ್ಕೂ ಬೇಜಾರಾದ ವಿಷಯ. 8 ವರ್ಷದ ಒಳಗಿನ ಮಕ್ಕಳಿಗೆ ಊದದ ಅಥವಾ ಒಡೆದ ಬಲೂನಿನಿಂದ ಉಸಿರು ಕಟ್ಟಬಹುದು ಅನ್ನುವ ಎಚ್ಚರಿಕೆ ಡಬ್ಬದ ತಳದಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣಕ್ಷರದಲ್ಲಿದೆ. ತೆಳು ರಬ್ಬರ್ ಗಂಟಲಿಗೆ ಅಂಟಿಕೊಂಡು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ, ತೆಗೆಯೋದೂ ಕಷ್ಟ. ಪಾರ್ಟಿಯಲ್ಲಿ ಒಂದು ಬಲೂನ್ ಒಡೆದಾಗ ಮಕ್ಕಳೆಲ್ಲ ಕಿರುಚಿ ನಗುತ್ತಿದ್ದರು, ಅಷ್ಟರಲ್ಲಿ ಯಾರದೋ ಜೊತೆ ಬಂದಿದ್ದ ಎರಡು ವರ್ಷದ ತಮ್ಮ ನೀಲಿ ಚೂರು ಎತ್ತಿಕೊಂಡು ಬಾಯಿಗೆ ಒಯ್ಯುತ್ತಿದ್ದ. ಓಡಿ ಹೋಗಿ ಕಿತ್ತುಕೊಂಡೆ, ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಚೂರು ಆರಿಸೋದಕ್ಕೇ ಅಂತ ದೊಡ್ಡವರೊಬ್ಬರನ್ನು ನಿಲ್ಲಿಸಿದೆವು. ನೀವು ಅದನ್ನು ಮೊದಲೇ ಮಾಡಿ.

ದೀಪದ ಸರದ್ದೂ ಇದೇ ಕಥೆ. ಒಳಗಿರೋದು ಗುಂಡಗಿನ ಬಟನ್ ಸೆಲ್, ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಲ್ಲಿ ಎಬ್ಬಿದರೆ ತೆರೆದುಕೊಳ್ಳುತ್ತದೆ. ಮಗು ನುಂಗಿದರೆ 2 ಗಂಟೆಯೊಳಗೆ ಅನ್ನನಾಳ ಸುಡಬಹುದು. ನಾನಂತೂ ಸರ ಹಾಕಲೇ ಇಲ್ಲ. ಮಕ್ಕಳ ಪಾರ್ಟಿಗೆ ಅಂತಲೇ ಮಾರುವವರು ಒಂದು ಸ್ಕ್ರೂ ಹಾಕಬಹುದಿತ್ತು ಅಲ್ವಾ?

ಪಂಪಿಗೆ 5ಕ್ಕೆ 5, ಇಡೀ ಕಿಟ್‌ಗೆ 3. ಮುಂದಿನ ವರ್ಷ ಬರೀ ಬಲೂನ್ ತರಿಸುತ್ತೇನೆ, ಅದೂ 50 ಸಾಕು.